ಹೂಂಗುಟ್ಟುವ ಯಂತ್ರ

ಕತೆ ಹೇಳುವ ಅಜ್ಜಿಯರದು ಒಂದು ಕಟ್ಟುನಿಟ್ಟು: ಕೇಳುವವನು ನಡುನಡುವೆ "ಹೂಂ" ಎನ್ನುತ್ತಿರಬೇಕು. ಅದು ನಿಂತಿತೋ, ರಾಜಕುಮಾರ ಏಳು ಸಮುದ್ರಗಳಾಚೆಯೇ ಉಳಿಯುತ್ತಾನೆ. ಅಜ್ಜಿ ಸೆರಗು ಹೊದ್ದು ಮಗ್ಗುಲಾಗುತ್ತಾಳೆ. ಈ "ಹೂಂ" ಹೊಗಳಿಕೆಯಲ್ಲ, ಒಪ್ಪಿಗೆಯೂ ಅಲ್ಲ. ಆಡಿದ ಮಾತು ಇಲ್ಲಿಗೆ ಬಂದು ಮುಟ್ಟಿತು ಎಂಬುದಕ್ಕೆ ಒಂದು ರಸೀತಿ, ಅಷ್ಟೆ.

ಗಣಕಯಂತ್ರವನ್ನು ರೂಪಿಸಿದವರ ಮನೆಯಲ್ಲಿಯೂ ಇಂಥ ಅಜ್ಜಿಯೊಬ್ಬಳು ಇದ್ದಿರಬೇಕು. ಮ್ಯಾಕ್ ಗಣಕದಲ್ಲಿ ಧ್ವನಿಯನ್ನು ಏರಿಸುವ ಕೀಲಿಯನ್ನು ಒತ್ತಿದೊಡನೆ ಪರದೆಯ ಮೇಲೆ ಚಿತ್ರವೊಂದು ಮೂಡಿ, ಮಟ್ಟ ಎಲ್ಲಿಗೆ ಬಂದಿತೆಂಬುದನ್ನು ತೋರಿಸಿ ಮರೆಯಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಪ್ಪಣೆ ಕೊಟ್ಟಿದ್ದರೆ, ನೀರುಗುಳ್ಳೆ ಒಡೆದಂತೆ "ಟಪ್" ಎಂಬ ಕಿರುಸದ್ದೂ ಕೇಳುತ್ತದೆ. ಮೌನದಿಂದ ಪೂರ್ಣಧ್ವನಿಯವರೆಗೆ ಇಂಥ 16 ಮೆಟ್ಟಿಲುಗಳು. ಆ ಸದ್ದು ಹೊಸ ಮಟ್ಟದಲ್ಲಿಯೇ ನುಡಿಯುವುದರಿಂದ, ಹಾಡನ್ನು ಹಾಕುವ ಮೊದಲೇ ಅದು ಎಷ್ಟು ಗಟ್ಟಿಯಾಗಿ ಕೇಳೀತೆಂಬುದು ಕಿವಿಗೆ ತಿಳಿದುಹೋಗುತ್ತದೆ.

ಬೆಂಗಳೂರಿನ ಒಂದು ಮನೆಯಲ್ಲಿ ಈ "ಟಪ್" ಸಂಸಾರದ ಪ್ರಶ್ನೆಯಾಗಿ ಬೆಳೆಯಿತು. ಮನೆಯ ಹಿರಿಯರು ನಿವೃತ್ತ ಹೆಡ್ಮಾಸ್ತರರು, ವಯಸ್ಸು 78. ಮುಪ್ಪಿನ ಕಿವುಡು ಒಮ್ಮೆಗೇ ಬರುವುದಿಲ್ಲ. ಮೊದಲು ತಾರಸ್ವರಗಳನ್ನು ಕದಿಯುತ್ತದೆ. ಅ, ಆ, ಓ ಉಳಿದುಕೊಳ್ಳುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ಆದ್ದರಿಂದ ಮಾತು ಕೇಳಿದಂತಿರುತ್ತದೆ, ತಿಳಿಯುವುದಿಲ್ಲ. ಎರಡು ಸಲ "ಏನು?" ಎಂದು ಕೇಳಿ, ಮೂರನೆಯ ಸಲ ಕೇಳಲು ನಾಚಿ, ಮಾಸ್ತರರು "ಹೂಂ" ಎಂದುಬಿಡುತ್ತಿದ್ದರು. ಮನೆಯವರು ಅದನ್ನು ಒಪ್ಪಿಗೆಯೆಂದೇ ಬಗೆದಿದ್ದರು. ಊರಿನ ಹಳೆಯ ಮನೆಯನ್ನು ಮಾರುವ ಮಾತಿಗೂ ಅವರು "ಹೂಂ" ಎಂದಿದ್ದರು. ಕ್ರಯಪತ್ರದ ಕರಡು ಮೇಜಿನ ಮೇಲೆ ಬಂದು ಕುಳಿತಿತ್ತು.

ಮಗ ತಂತ್ರಾಂಶ ಬರೆಯುವವನು. ಪುಣೆಯಲ್ಲಿದ್ದ ಮೊಮ್ಮಗಳೊಡನೆ ಮಾಸ್ತರರು ಸಂಜೆ ಗಣಕದ ಮುಂದೆ ಕುಳಿತು ಮಾತನಾಡುವುದುಂಟು. ಕೀಲಿಮಣೆಯ ಮೇಲುಸಾಲಿನ ಸಣ್ಣ ಕೀಲಿಗಳು ಅವರ ನಡುಗುವ ಬೆರಳಿಗೆ ಒಗ್ಗವು. ಧ್ವನಿ ಏರಿಸಹೋಗಿ ಪರದೆಯ ಬೆಳಕನ್ನು ತಗ್ಗಿಸಿಬಿಡುವರು. ಅದನ್ನು ಕಂಡ ಮಗ, ಪರದೆಯ ಮೇಲೆ ಅಂಗೈಯಗಲದ ಎರಡೇ ಗುಂಡಿಗಳಿರುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದ. ಒಂದು ಹೆಚ್ಚಿಸಲು, ಒಂದು ತಗ್ಗಿಸಲು. ಕೋರ್ ಆಡಿಯೋ ಎಂಬ ಒಳಪದರಕ್ಕೆ "ಮಟ್ಟವನ್ನು ಇಷ್ಟು ಮಾಡು" ಎಂದು ನೇರವಾಗಿ ಹೇಳುವ ಕೆಲಸ. ಹಾಡೊಂದನ್ನು ಹಾಕಿ ಪರೀಕ್ಷಿಸಿದ, ಸರಿಯಾಗಿಯೇ ನಡೆಯಿತು.

ಮರುದಿನ ಮಾಸ್ತರರು ಮೊಮ್ಮಗಳ ಕರೆಗಿಂತ ಮೊದಲೇ ಸಜ್ಜಾಗಿ ಕುಳಿತು ಗುಂಡಿಯನ್ನು ಒತ್ತಿದರು. ಚಿತ್ರವಿಲ್ಲ, ಸದ್ದಿಲ್ಲ. ಮತ್ತೆ ಒತ್ತಿದರು. ಯಂತ್ರಕ್ಕೂ ಕಿವಿ ಮಂದವಾಯಿತೇನೋ ಎಂದುಕೊಂಡು ಹತ್ತು ಸಲ ಒತ್ತಿದರು. ಆಗ ಬಂದಿತು ಕರೆ! ಮಗುವಿನ "ತಾತಾ" ಎಂಬ ಕೂಗಿಗೆ ಕಿಟಕಿಯ ಗಾಜು ಅದುರಿತು. ಮಾಸ್ತರರ ಕನ್ನಡಕ ಕೆಳಗೆ ಬಿದ್ದಿತು. ಎರಡು ದಿನ ಅವರು ಆ ಮೇಜಿನ ಕಡೆ ಸುಳಿಯಲಿಲ್ಲ.

ಕಾರಣವನ್ನು ಹುಡುಕಿದಾಗ ಮಗನಿಗೆ ತಿಳಿದುದಿಷ್ಟು: ಆ ಚಿತ್ರವಾಗಲಿ ಸದ್ದಾಗಲಿ ಧ್ವನಿಮಟ್ಟಕ್ಕೆ ಅಂಟಿಕೊಂಡವಲ್ಲ, ಕೀಲಿಗೆ ಅಂಟಿಕೊಂಡವು. ಕೀಲಿ ಹೆಬ್ಬಾಗಿಲಿದ್ದಂತೆ, ಅಲ್ಲಿ ಬಂದವರ ಹೆಸರನ್ನು ದ್ವಾರಪಾಲಕ ಕೂಗಿ ಸಾರುತ್ತಾನೆ. ಪ್ರೋಗ್ರಾಮು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಕೆಲಸ ಮುಗಿಸಿತ್ತು; ಸಾರುವವರಾರು? ವಿಂಡೋಸ್‌ನಲ್ಲಿಯೂ ಹೀಗೆಯೇ. ಒಳಗಿನಿಂದ ಮಟ್ಟ ಬದಲಿಸಿದರೆ ಪರದೆ ಮೌನ. 175 ಎಂಬ ಸಂಖ್ಯೆಯ ಕೀಲಿಯನ್ನು ಒತ್ತಿದಂತೆ ಸುದ್ದಿ ಕಳಿಸಿದರೆ ಮಾತ್ರ ಪಟ್ಟಿ ಎದ್ದು, ನೂರರಲ್ಲಿ ಎರಡರಷ್ಟು ಏರುತ್ತದೆ.

ದಾರಿಗಳು ಇಲ್ಲದಿರಲಿಲ್ಲ. ಚಿತ್ರವನ್ನೂ ಸದ್ದನ್ನೂ ತಾನೇ ನಕಲು ಮಾಡಬಹುದಿತ್ತು. ಆದರೆ 2025ರ ಮ್ಯಾಕ್ ಆವೃತ್ತಿಯಲ್ಲಿ ಪರದೆಯ ಕೆಳನಡುವಿನಲ್ಲಿದ್ದ ಆ ಚಿತ್ರವೇ ಬಲಮೇಲ್ಮೂಲೆಗೆ ವಲಸೆ ಹೋಗಿದೆ. ನಕಲು ಮಾಡಿದವನು ಅದರ ಹಿಂದೆ ಓಡುತ್ತಲೇ ಇರಬೇಕು. ಕೊನೆಗೆ ಅವನು ಹಿಡಿದುದು ನಟನೆಯ ದಾರಿ. ಗುಂಡಿಯನ್ನು ಒತ್ತಿದರೆ ಪ್ರೋಗ್ರಾಮು "ಧ್ವನಿ ಏರಿಸುವ ಕೀಲಿ ಕೆಳಗೆ ಹೋಯಿತು", "ಮೇಲೆ ಬಂದಿತು" ಎಂಬ ಎರಡು ಸುದ್ದಿಗಳನ್ನು ವ್ಯವಸ್ಥೆಗೆ ಕಳಿಸುತ್ತದೆ. ಯಾರ ಬೆರಳೂ ಸೋಕದ ಕೀಲಿ! ಇಂಥ ವೇಷಕ್ಕೆ ಯಂತ್ರವೂ ಸುಲಭವಾಗಿ ಒಪ್ಪದು. ಮನೆಯ ಯಜಮಾನ ಸೆಟ್ಟಿಂಗ್ಸ್‌ನಲ್ಲಿ ತನ್ನ ಕೈಯಾರೆ ಅನುಮತಿ ಕೊಡಬೇಕು. ಕೊಟ್ಟದ್ದಾಯಿತು. ಗುಂಡಿ ಒತ್ತಿದ, ಚಿತ್ರ ಮೂಡಿತು, "ಟಪ್" ಎಂದಿತು.

ಸಂತೋಷದಿಂದ ಅವನು ಒತ್ತುತ್ತಲೇ ಹೋದ. ಹದಿನಾರನೆಯ ಮೆಟ್ಟಿಲು ಮುಗಿಯಿತು. ಮತ್ತೂ ಒತ್ತಿದ. ಏರಲು ಜಾಗವಿಲ್ಲ, ಆದರೂ ಯಂತ್ರ "ಟಪ್" ಎಂದಿತು. ಇನ್ನೊಮ್ಮೆ, ಮತ್ತೆ "ಟಪ್". ಏನೂ ನಡೆಯದಿದ್ದರೂ ಅಷ್ಟೇ ವಿನಯದ "ಹೂಂ". ಅವನ ಕೈ ಅಲ್ಲಿಯೇ ನಿಂತಿತು. ಬಹಳ ಹೊತ್ತು ಪರದೆಯನ್ನು ನೋಡುತ್ತ ಕುಳಿತಿದ್ದು, ಎದ್ದು, ಮೇಜಿನ ಮೇಲಿದ್ದ ಕರಡನ್ನು ಕೈಗೆತ್ತಿಕೊಂಡು ತಂದೆಯ ಕೋಣೆಗೆ ಹೋದ. ಅಲ್ಲಿ ಕಾಗದವೊಂದರ ಮೇಲೆ ದೊಡ್ಡ ಅಕ್ಷರಗಳಲ್ಲಿ "ಊರಿನ ಮನೆಯನ್ನು ಮಾರೋಣವೆ?" ಎಂದು ಬರೆದು ಅವರ ಮುಂದಿಟ್ಟ.

ಮಾಸ್ತರರು ಓದಿದರು. "ಯಾವಾಗ ಬಂದಿತು ಈ ಮಾತು?" ಎಂದು ಕೇಳಿದರು. ಕರಡು ಕಪಾಟಿಗೆ ಹೋಯಿತು.

ಮರುದಿನ ಸಂಜೆ ಮೊಮ್ಮಗಳು ಪುಣೆಯಿಂದ ಕತೆ ಹೇಳುತ್ತಿದ್ದಳು. ನಡುವೆ ತಡೆದು, "ತಾತಾ, ಹೂಂ ಅನ್ನು" ಎಂದು ಗದರಿದಳು. ಮಾಸ್ತರರು ದೊಡ್ಡ ಗುಂಡಿಯನ್ನು ಒಮ್ಮೆ ಒತ್ತಿದರು, "ಟಪ್" ಎಂದಿತು. ಮುಂದಕ್ಕೆ ಬಾಗಿ, "ಕೇಳಿಸಲಿಲ್ಲ ಮಗು, ಮೊದಲಿನಿಂದ ಹೇಳು" ಎಂದರು.