ಹೆಜ್ಜೆಗೊಂದು ಕಲ್ಲು

ಮಲೆನಾಡಿನ ಸೆರಗಿನಲ್ಲಿರುವ ಶಿಕಾರಿಪುರ ಮತ್ತು ಸೊರಬದ ಸೀಮೆಗಳಲ್ಲಿ ಮನೆ ಕಟ್ಟಿದವನ ಕೆಲಸವು ಹೊಸ್ತಿಲನ್ನು ನಿಲ್ಲಿಸಿದೊಡನೆ ಮುಗಿಯುವುದಿಲ್ಲ. ದಣಪೆಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಗೆ, ಬಾವಿಯಿಂದ ಕೊಟ್ಟಿಗೆಗೆ, ಅಲ್ಲಿಂದ ಅಡಕೆಯ ತೋಟಕ್ಕೆ ಹಾದಿಯನ್ನು ಮಾಡಿಕೊಳ್ಳಬೇಕು. ಇಲ್ಲವಾದರೆ ಆರಿದ್ರಾ ಮಳೆಯು ಹಿಡಿದ ಮೇಲೆ ಇಲ್ಲಿಯ ಕೆಮ್ಮಣ್ಣು ನಡೆಯುವವರ ಕಾಲನ್ನು ಹಿಡಿಯುವುದು ನಿಶ್ಚಯ. ಆದುದರಿಂದಲೇ ಇಲ್ಲಿಯ ಹಿರಿಯರು ಅಂಗಳಕ್ಕೆ ಕಲ್ಲು ಹಾಸುವುದನ್ನು ಅಲಂಕಾರವೆಂದೆಣಿಸದೆ ಗೃಹಕೃತ್ಯವೆಂದೆಣಿಸಿದರು.

ಈಚೆಗೆ ನಮ್ಮ ಪಟ್ಟಣಗಳಲ್ಲಿ ಮನೆಯ ಸುತ್ತ ಜಪಾನು, ಚೀನಾ ದೇಶಗಳ ರೀತಿಯ ತೋಟವನ್ನು ಮಾಡಿ, ನಡುವೆ ತಮ್ಮದೇ ಗುರುತುಳ್ಳ ಕಲ್ಲುಹಾದಿಯನ್ನು ಹಾಕಿಸುವ ಅಭಿಲಾಷೆಯು ಬೆಳೆಯುತ್ತಿದೆ. ಅಭಿಲಾಷೆಯೇನೋ ಒಳ್ಳೆಯದೇ. ಆದರೆ ಅಂಗಡಿಯ ಮಾದರಿಗಳನ್ನು ನೋಡುವುದಕ್ಕೆ ಮೊದಲು ಈ ಎರಡು ತಾಲ್ಲೂಕುಗಳಲ್ಲಿ ಎರಡು ದಿನ ಸಂಚರಿಸಿ ಬರುವುದು ಲೇಸು. ಕಲ್ಲನ್ನು ಹೇಗೆ ಇಡಬೇಕು, ಯಾವ ಕಲ್ಲನ್ನು ಇಡಬಾರದು ಎಂಬ ಎರಡು ಪಾಠಗಳೂ ಇಲ್ಲಿ ದೊರೆಯುತ್ತವೆ.

ಮೊದಲು ಕಲ್ಲಿನ ಜಾತಿಯನ್ನು ನೋಡೋಣ. ಇಲ್ಲಿ ಮನೆಗೆಲಸಕ್ಕೆ ಒದಗುವುದು ಮುಖ್ಯವಾಗಿ ಜಂಬಿಟ್ಟಿಗೆ ಮತ್ತು ಕಗ್ಗಲ್ಲು. ಜಂಬಿಟ್ಟಿಗೆಯು ನೆಲದೊಳಗಿರುವಾಗ ಮೃದು. ಕಡಿದು ಗಾಳಿಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1801ರಲ್ಲಿ ಬನವಾಸಿ, ಚಂದ್ರಗುತ್ತಿಗಳ ಮಾರ್ಗವಾಗಿ ಇಕ್ಕೇರಿಗೆ ಬಂದ ಫ್ರಾನ್ಸಿಸ್ ಬುಕಾನನ್ನನೆಂಬ ಸ್ಕಾಟ್ಲೆಂಡಿನ ವೈದ್ಯನು, ತಾನು ಮಲಬಾರಿನಲ್ಲಿ ಕಂಡ ಇಂಥ ಕಲ್ಲಿಗೆ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿನ ಮೂಲಕ್ಕೆ ಇಟ್ಟಿಗೆಯೆಂದೇ ಅರ್ಥ. ನಮ್ಮ ಜಂಬಿಟ್ಟಿಗೆಯೆಂಬ ಮಾತಿನಲ್ಲಿಯೂ ಅದೇ ಇಟ್ಟಿಗೆಯು ಅಡಗಿದೆ. ಈ ಕಲ್ಲು ತೂತುತೂತಾಗಿ ನೀರನ್ನು ಹೀರುವುದರಿಂದ ಬೇಗ ಪಾಚಿಗಟ್ಟುತ್ತದೆ. ಗೋಡೆಗೂ ಹಾದಿಯ ಅಂಚಿಗೂ ಯೋಗ್ಯ. ಅಡಿಯಿಡುವ ಕಲ್ಲಿಗೆ ಒರಟುಮುಖದ ಕಗ್ಗಲ್ಲೇ ಮೇಲು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಹೋದರೆ ತಾಳಗುಂದವು ಸಿಕ್ಕುತ್ತದೆ. ಕದಂಬರ ವಂಶದ ವೃತ್ತಾಂತವನ್ನು ಹೇಳುವ ಸಂಸ್ಕೃತ ಶಾಸನದ ಕಂಬವು ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿದೆ. ಇದೇ ದೇವಾಲಯದ ಆವರಣದಲ್ಲಿ 2013ರ ಸುಮಾರಿನಲ್ಲಿ ನಡೆದ ಉತ್ಖನನದಲ್ಲಿ ಮೆಟ್ಟಿಲ ಪಕ್ಕದ ಸಿಂಹಕಟಾಂಜನವೊಂದು ದೊರೆಯಿತು. ಅದರ ಮೇಲಿರುವ ಬರೆವಣಿಗೆಯನ್ನು ಪುರಾತತ್ತ್ವ ಇಲಾಖೆಯವರು ಸುಮಾರು ಕ್ರಿ. ಶ. 370ರದೆಂದು ಎಣಿಸಿದ್ದಾರೆ. ಅದು ನಿಜವಾದರೆ ಕನ್ನಡದ ಪ್ರಾಚೀನ ಅಕ್ಷರಗಳು ನಮಗೆ ದೊರೆತದ್ದು ಸಿಂಹಾಸನದ ಮೇಲಲ್ಲ, ಜನರು ಹತ್ತಿ ಇಳಿಯುತ್ತಿದ್ದ ಮೆಟ್ಟಿಲ ಬದಿಯಲ್ಲಿ! ಆ ಕಲ್ಲನ್ನು ಯಾರಾದರೂ ಎತ್ತಿ ಒಗೆಯುವ ಕಲ್ಲಾಗಿ ಮಾಡಿಕೊಂಡಿದ್ದರೆ ನಮ್ಮ ನುಡಿಯ ಚರಿತ್ರೆಯೇ ಅಷ್ಟು ಬಡವಾಗುತ್ತಿತ್ತು.

ತಾಳಗುಂದಕ್ಕೆ ಸಮೀಪದಲ್ಲಿಯೇ ಬಳ್ಳಿಗಾವೆಯಿದೆ. ಅಲ್ಲಿಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನೂ, 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡದ ಕಂಬವನ್ನೂ ನೋಡಲು ಬರುವವರು ಬಹಳ. ನಾವು ಇಲ್ಲಿ ಗಮನಿಸಬೇಕಾದುದು ವೀರಗಲ್ಲುಗಳನ್ನು. ತುರು ಕಾದು ಮಡಿದವನ, ಊರಿಗಾಗಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಈ ಎರಡು ತಾಲ್ಲೂಕುಗಳ ಹೊಲ, ಕೆರೆಯ ಏರಿ, ಗುಡಿಯ ಬಾಗಿಲುಗಳಲ್ಲಿ ಇಂಥವು ನೂರಾರು. ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಾಸನಸಂಪುಟಗಳಲ್ಲಿ ಈ ಸೀಮೆಯ ಶಾಸನಗಳೇ ಎಷ್ಟೋ ಪುಟಗಳನ್ನು ತುಂಬಿವೆ.

ಇವುಗಳ ಮೇಲೆ ಮಳೆಬಿಸಿಲುಗಳಿಗಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಮನುಷ್ಯನ ಅನುಕೂಲಬುದ್ಧಿ. ಚಪ್ಪಟೆಯಾಗಿಯೂ ಉದ್ದವಾಗಿಯೂ ಇರುವ ಕಲ್ಲು ಬಿಟ್ಟಿಯಾಗಿ ಸಿಕ್ಕಿತೆಂದರೆ ಕಾಲುವೆಗೆ ಅಡ್ಡಹಾಕುವ ಸಂಕವಾಗಿಯೋ, ಬಚ್ಚಲಿನ ಹಾಸಾಗಿಯೋ ಅದರ ಬಾಳು ಮುಗಿಯುತ್ತದೆ. ಇಂದು ‘ಪುರಾತನ ಶೋಭೆ’ಯ ಆಸೆಯೂ ಇದಕ್ಕೆ ಸೇರಿದೆ. ಹಳೆಯ ಶಿಲ್ಪಗಳ ವ್ಯಾಪಾರಕ್ಕೆ 1972ರ ಪುರಾತನ ವಸ್ತುಗಳ ಕಾಯಿದೆಯ ಕಟ್ಟುಪಾಡು ಉಂಟು. ಆದರೆ ಕಾಯಿದೆಗಿಂತ ಗೃಹಸ್ಥನ ವಿವೇಕವೇ ಬಲವಾದ ಕಾವಲು. ಕೆತ್ತನೆಯೋ ಅಕ್ಷರವೋ ಇರುವ ಕಲ್ಲು ಮನೆಗೆ ಬಂದರೆ, ಎಷ್ಟೇ ಸುಂದರವಾಗಿದ್ದರೂ ಅದನ್ನು ಹಾದಿಗೆ ಹಾಕಿಕೊಳ್ಳಕೂಡದು.

“ಹಾಗಾದರೆ ಹಾದಿಯ ಕಲ್ಲಿನ ಮೇಲೆ ನಮ್ಮ ಹೆಸರನ್ನು ಕೆತ್ತಿಸುವುದೂ ತಪ್ಪೇ?” ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವು ಸೊರಬದಿಂದ ತೆಂಕಲಿಗೆ, ಸಾಗರದಾಚೆಯ ಇಕ್ಕೇರಿಯಲ್ಲಿದೆ. ಅಲ್ಲಿಯ ಅಘೋರೇಶ್ವರ ದೇವಾಲಯದ ನೆಲಗಲ್ಲುಗಳ ಮೇಲೆ ಕೆಳದಿಯ ಮೂವರು ನಾಯಕರು ಸಾಷ್ಟಾಂಗವೆರಗಿರುವ ಚಿತ್ರಗಳನ್ನು ಅವರವರ ಹೆಸರಿನೊಡನೆ ಕೊರೆದಿದೆ. ನಾಡನ್ನಾಳಿದವರು ದೇವರೆದುರಿನ ನೆಲದಲ್ಲಿ ಮಲಗಿದ್ದಾರೆ. ಭಕ್ತರ ಪಾದಧೂಳಿಯು ತಮ್ಮ ಮೇಲೆ ಬೀಳಲೆಂಬ ಭಾವವು ಅದರಲ್ಲಿದೆ. ತನ್ನ ಹೆಸರನ್ನು ತಾನೇ ಕಾಲಡಿಗೆ ಹಾಕಿಕೊಂಡರೆ ಅದು ವಿನಯ; ಊರಿನವರು ನಿಲ್ಲಿಸಿದ ಕಲ್ಲನ್ನು ಮಲಗಿಸಿ ತುಳಿದರೆ ಅದು ಅವಿನಯ. ಎರಡೂ ಕಲ್ಲೇ, ಭೇದವೆಲ್ಲ ಇಷ್ಟರಲ್ಲಿಯೇ.

ಇನ್ನು ಹಾದಿಯನ್ನು ಮಾಡುವ ಕ್ರಮ. ಜಪಾನಿನಲ್ಲಿ ಚಹದ ಕುಟೀರಕ್ಕೆ ಹೋಗುವ ಕಲ್ಲುಹಾದಿಯನ್ನು ಕಲೆಯೆಂದೇ ಬೆಳೆಸಿದ್ದಾರೆ. 1591ರಲ್ಲಿ ತೀರಿಕೊಂಡ ಸೆನ್ ನೊ ರಿಕ್ಯೂ ಎಂಬ ಆಚಾರ್ಯನು ಹಾದಿಯಲ್ಲಿ ಆರು ಪಾಲು ನಡಿಗೆಗೂ ನಾಲ್ಕು ಪಾಲು ನೋಟಕ್ಕೂ ಕೊಡಬೇಕೆಂದನೆಂದೂ, ಅವನ ಶಿಷ್ಯ ಒರಿಬೆಯು ಅದನ್ನು ತಿರುಗಿಸಿ ಆರು ಪಾಲನ್ನು ನೋಟಕ್ಕೇ ಕೊಟ್ಟನೆಂದೂ ಹೇಳುವುದುಂಟು. ಆರಿದ್ರಾ ಮಳೆಯ ನಾಡಿನವರಾದ ನಮಗೆ ಗುರುವಿನ ಮಾತೇ ಹೊಂದತಕ್ಕುದು. ಹೋಗಬಾರದ ಕಡೆಗೆ ಅವರು ಹಗ್ಗದಿಂದ ಕಟ್ಟಿದ ಸಣ್ಣ ಕಲ್ಲೊಂದನ್ನು ಇಡುತ್ತಾರೆ. ನಮ್ಮ ದಣಪೆಯ ಅಡ್ಡಗೋಲು ಹೇಳುವುದನ್ನೇ ಅದೂ ಹೇಳುತ್ತದೆ.

ಹಾದಿಯ ನೆಲವನ್ನು ಹದವಾಗಿ ನೆನೆಸಿ, ಮನೆಯಲ್ಲಿ ಹೆಚ್ಚು ಓಡಾಡುವವರನ್ನು ಅದರ ಮೇಲೆ ಸಹಜವಾಗಿ ನಡೆಯಿಸಬೇಕು. ಅಜ್ಜಿಯೂ ನೀರಿನ ಕೊಡ ಹೊತ್ತ ಸೊಸೆಯೂ ನಡೆದರೆ ಅಳತೆಯು ತಾನಾಗಿ ಸಿಕ್ಕುತ್ತದೆ. ಮೂಡಿದ ಹೆಜ್ಜೆಗಳಿಗೆ ಸುಣ್ಣದ ಗುರುತಿಟ್ಟು, ಒಂದೊಂದು ಹೆಜ್ಜೆಗೂ ಒಂದು ಕಲ್ಲನ್ನು ಗೊತ್ತುಮಾಡಬೇಕು. ಕಲ್ಲಿನ ನಡುವಿನಿಂದ ನಡುವಿಗೆ ಅಂತರವು ಸಾಮಾನ್ಯವಾಗಿ ಎರಡು ಅಡಿಯನ್ನು ಮೀರದು. ಮುದುಕರಿದ್ದ ಮನೆಯಲ್ಲಿ ಇನ್ನೂ ಕಡಮೆ. ಕಲ್ಲಿನ ದಪ್ಪಕ್ಕಿಂತ ಎರಡು ಅಂಗುಲ ಹೆಚ್ಚಾಗಿ ಅಗೆದು, ಮೂರು ಅಂಗುಲ ಜಲ್ಲಿಮರಳನ್ನು ಹಾಕಿ ದಮ್ಮಸು ಮಾಡಿ ಕಲ್ಲನ್ನು ಕೂರಿಸಿದರೆ ಅದರ ಮುಖವು ಅಂಗುಲದಷ್ಟು ಮೇಲಿರುತ್ತದೆ, ಕೆಸರು ಹತ್ತದು. ನೀರು ಇಳಿಯುವಂತೆ ಒಂದು ಬದಿಗೆ ತುಸು ಓರೆಯಿರಲಿ. ತಿರುವಿನಲ್ಲಿಯೂ ಹೊಸ್ತಿಲ ಮುಂದೆಯೂ ಇಬ್ಬರು ನಿಲ್ಲುವಷ್ಟು ದೊಡ್ಡ ಕಲ್ಲು ಬೇಕು: ಬಂದವರು ಕಾಲು ತೊಳೆಯುವುದೂ, ಹೋಗುವವರನ್ನು ಇನ್ನೊಂದು ಮಾತಿಗೆ ನಿಲ್ಲಿಸುವುದೂ ಅಲ್ಲಿಯೇ. ಎಡೆಗಳಲ್ಲಿ ಒಂದೆಲಗವನ್ನು ನೆಟ್ಟರೆ ನೆಲವು ಹಸುರಾಗಿಯೂ ಇರುವುದು, ತಂಬುಳಿಗೂ ಆಗುವುದು. ಮಳೆಗಾಲದ ನಡುವೆ ಒಂದೆರಡು ಸಲ ಗಟ್ಟಿ ಪೊರಕೆಯಿಂದ ಪಾಚಿಯನ್ನು ಉಜ್ಜಲು ಮರೆಯಕೂಡದು.

ಇಂಥ ಹಾದಿಗೆ ಬೇರೆ ಗುರುತು ಬೇಕಿಲ್ಲ. ಅದರ ಅಳತೆಯೇ ಆ ಮನೆಯವರ ಹೆಸರು. ಮಕ್ಕಳು ಮೊದಲು ಎರಡು ಕಲ್ಲಿಗೆ ಮೂರು ಹೆಜ್ಜೆಯಿಟ್ಟು, ಕೆಲವು ವರ್ಷಗಳಲ್ಲಿ ಕಲ್ಲಿಗೊಂದರಂತೆ ಇಡತೊಡಗಿದಾಗ ಅವರು ಬೆಳೆದುದು ತಾಯಿತಂದೆಗಳಿಗೆ ಅಲ್ಲಿಯೇ ತಿಳಿಯುತ್ತದೆ. ಗೃಹಸ್ಥರು ತಮ್ಮ ಹಾದಿಗೆ ಹೊಸ ಕಲ್ಲನ್ನು ತರಲಿ. ಹಳೆಯ ವೀರನನ್ನು ಅವನ ಹೊಲದ ಬದುವಿನಲ್ಲಿ ನೆಟ್ಟಗೆ ನಿಂತಿರಲು ಬಿಡಲಿ.