ಲ್ಯಾಬಿನ ಕಿಟಕಿ

ನಮ್ಮ ಕೂಡ್ಲಿಗಿ ಕಡೆ ಎಂಜಿನಿಯರಿಂಗ್ ಸೀಟೆಂದರೆ ಪಾಲಕರು ಕೇಳುವುದು ಎರಡೇ: ಫೀಸೆಷ್ಟು, ನೌಕರಿ ಸಿಗುತ್ತದೆಯೇ? ತಮ್ಮನ ಮಗಳಿಗಾಗಿ ಕಾಲೇಜು ನೋಡಲು ಹೋದಾಗ ನಾನು ಲ್ಯಾಬನ್ನೂ ತೋರಿಸಿ ಎಂದೆ. ಒಂದು ಕಡೆ ಪಡುವಣ ಬಿಸಿಲಿಗೆ ಪೂರಾ ಗಾಜು; ಕರೆಂಟ್ ಹೋದೊಡನೆ ಎಲ್ಲರೂ ಹೊರಗೆ. "ದೊಡ್ಡಪ್ಪಾ, ಇದಕ್ಕಿಂತ ನಮ್ಮ ಮಾಳಿಗಿ ಮನೀನೇ ತಂಪೈತಿ" ಎಂದಳು ಹುಡುಗಿ.

ಅದು ಹುಡುಗಾಟದ ಮಾತಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ ದಾಟಿ ಒಳಗೆ ಬರಲು ಬಿಸಿಲ ಕಾವಿಗೆ ತಾಸುಗಟ್ಟಲೆ ಬೇಕು. ಹಿಟ್ಲರನ ಜರ್ಮನಿ ತೊರೆದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಶುರುವಾದ ವಿಮಾನ ಎಂಜಿನಿಯರಿಂಗ್ ವಿಭಾಗಕ್ಕೂ, ಬಳಿಕ ಲೋಹಶಾಸ್ತ್ರ ವಿಭಾಗಕ್ಕೂ ಕಟ್ಟಡ ರೂಪಿಸಿದವರು ಅವರೇ. ಬಿಸಿಲಿಗೆ ಸಜ್ಜಾ, ಗಾಳಿ ಹಾಯಲು ಎದುರುಬದುರು ಕಿಟಕಿ: ಅವರಿಗೆ ಇವು ಅಲಂಕಾರವಲ್ಲ, ಲೆಕ್ಕ. ಮುಂದೆ ಉಷ್ಣವಲಯದ ಕಟ್ಟಡಗಳ ಬಗ್ಗೆ ಇತರರೊಡನೆ ಪಠ್ಯಪುಸ್ತಕವನ್ನೇ ಬರೆದರು.

ಮಕ್ಕಳು ನಾಲ್ಕು ವರ್ಷ ನಿಂತು ಕಲಿಯುವ ಜಾಗವದು. ಸೀಟು ಹಿಡಿಯುವ ಮುನ್ನ, ಮಧ್ಯಾಹ್ನ ಎರಡರ ಹೊತ್ತಿಗೆ, ಅಲ್ಲಿ ಹತ್ತು ನಿಮಿಷ ಫ್ಯಾನ್ ಆರಿಸಿ ನಿಂತು ನೋಡಿ. ಬಿಸಿಲು ಯಾವ ಕಡೆಯಿಂದ ಬರುತ್ತದೆಂದೇ ಲೆಕ್ಕ ಹಾಕದ ಕಟ್ಟಡದಲ್ಲಿ ಮಕ್ಕಳಿಗೆ ಎಂತಹ ಎಂಜಿನಿಯರಿಂಗ್ ಕಲಿಸಿಯಾರು?