ಹನ್ನೆರಡು ಬೀದಿಯ ಊರಿನಲ್ಲಿ ತಿಳಿದ ಸಂಗತಿಗಳು

ತೀರ್ಥಯಾತ್ರೆ ಎಂದ ಕೂಡಲೇ ನಮ್ಮ ಸಮಾಜ ಬಾಂಧವರಿಗೆ ಶ್ರವಣಬೆಳಗೊಳ, ಮೂಡಬಿದರೆ, ಹುಂಚ, ಕುಂಭೋಜದ ಬಾಹುಬಲಿ ನೆನಪಾಗುತ್ತವೆ. ಕೇರಳದ ವಯನಾಡಿನಲ್ಲಿಯೂ ನಮ್ಮ ಬಸದಿಗಳಿವೆ, ಕನ್ನಡ ಮನೆಮಾತಿನ ಶ್ರಾವಕ ಕುಟುಂಬಗಳಿವೆ ಎಂಬುದು ಜತ್ತ, ಅಕ್ಕಲಕೋಟೆ ಕಡೆಯ ವರ್ತಕರಲ್ಲಿ ಅನೇಕರಿಗೆ ತಿಳಿಯದು. ಕಳೆದ ಚಳಿಗಾಲದಲ್ಲಿ ನಾವು ಕುಟುಂಬ ಸಮೇತ ಅಲ್ಲಿಗೆ ಹೋಗಿಬಂದೆವು. ಬಸದಿಗಳ ದರ್ಶನದ ಜೊತೆಗೆ, ನಲವತ್ತು ವರ್ಷ ಕಿರಾಣಿ ಅಂಗಡಿಯಲ್ಲಿ ಕುಳಿತರೂ ಕಿವಿಗೆ ಬೀಳದಿದ್ದ ಕೆಲವು ಸಂಗತಿಗಳು ತಿಳಿದವು. ವಾಚಕರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಮೈಸೂರು, ಗುಂಡ್ಲುಪೇಟೆ, ಬಂಡೀಪುರ ಕಾಡು, ಮುತ್ತಂಗ, ಆಮೇಲೆ ಸುಲ್ತಾನ್ ಬತ್ತೇರಿ, ಇದು ದಾರಿ. ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ವನ್ಯಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದೆಂಬುದು ಉದ್ದೇಶ. ಅಹಿಂಸೆಯನ್ನು ನಂಬಿದವರಿಗೆ ಇದು ಸಂತೋಷದ ವಿಷಯವೇ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಮಗೆ ಈ ವೇಳೆಯಿಂದ ತೊಂದರೆಯೂ ಆಗಲಿಲ್ಲ.

ಸುಲ್ತಾನ್ ಬತ್ತೇರಿಯ ಬಸದಿ ಪೂರ್ತಿ ಕಲ್ಲಿನದು, ವಿಜಯನಗರ ಶೈಲಿಯದು. ಸುಮಾರು 13ನೆಯ ಶತಮಾನದ್ದೆಂದು ಹೇಳುತ್ತಾರೆ. ಮೊದಲು ದೇವಾಲಯ, ನಂತರ ವ್ಯಾಪಾರದ ಕೇಂದ್ರ, ಕೊನೆಗೆ ಟಿಪ್ಪು ಸುಲ್ತಾನನ ಸೈನ್ಯದ ಮದ್ದುಗುಂಡಿನ ಕೋಠಿ, ಹೀಗೆ ಮೂರು ಅವಸ್ಥೆಗಳನ್ನು ಅದು ಕಂಡಿದೆ. ತೋಪುಗಳನ್ನು ಸಾಲಾಗಿ ಇಡುವ ಠಾಣ್ಯಕ್ಕೆ ಇಂಗ್ಲಿಷರು 'ಬ್ಯಾಟರಿ' ಎನ್ನುತ್ತಿದ್ದರು. ಸುಲ್ತಾನನ ಬ್ಯಾಟರಿಯೇ ಸುಲ್ತಾನ್ ಬತ್ತೇರಿ! ನಮ್ಮ ಅಂಗಡಿಯಲ್ಲಿ ಮಾರುವ ಬ್ಯಾಟರಿಯೂ ಇದೇ ಶಬ್ದ. 18ನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಶೇಖರಿಸುವ ಗಾಜಿನ ಜಾಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ತೋಪಿನ ಸಾಲಿಗೆ ಹೋಲಿಸಿ ಅದಕ್ಕೆ ಈ ಹೆಸರಿಟ್ಟನು. ಹಳ್ಳಿಯ ಗಿರಾಕಿ 'ಬ್ಯಾಟ್ರಿ ಕೊಡ್ರಿ' ಎಂದಾಗ ಇನ್ನು ಮೇಲೆ ನಮಗೆ ಆ ಬಸದಿಯೇ ಕಣ್ಣ ಮುಂದೆ ಬರುತ್ತದೆ.

ಆದರೆ ಅದಕ್ಕೂ ಹಿಂದೆ ಆ ಊರನ್ನು 'ಹನ್ನೆರಡು ಬೀದಿ' ಎಂದು ಕರೆಯುತ್ತಿದ್ದರಂತೆ. ಅಚ್ಚ ಕನ್ನಡದ ಹೆಸರು! ಜೈನರು ನೆಲೆಸಿದ್ದ ಬೀದಿಗಳೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಈಗ ಬಸದಿ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಸ್ವಚ್ಛವಾಗಿದೆ, ಆದರೆ ನಿತ್ಯ ಪೂಜೆ ಇಲ್ಲ. ನಾವು ಹೊರಗೇ ನಿಂತು ಣಮೋಕಾರ ಮಂತ್ರ ಹೇಳಿಕೊಂಡೆವು. ಪೂಜೆಯ ಬಸದಿ ನೋಡಬೇಕೆಂದರೆ ಕಲ್ಪೆಟ್ಟದ ಹತ್ತಿರದ ಪುಳಿಯಾರ್‌ಮಲೆಗೆ ಹೋಗಬೇಕು. ಅಲ್ಲಿ ಅನಂತನಾಥ ಸ್ವಾಮಿಯ ಬಸದಿಯಿದೆ. ಮಲಯಾಳದ ಪ್ರಸಿದ್ಧ ಲೇಖಕ, 'ಮಾತೃಭೂಮಿ' ಪತ್ರಿಕೆಯನ್ನು ನಡೆಸಿದ ಎಂ.ಪಿ. ವೀರೇಂದ್ರಕುಮಾರ್ (1936–2020) ಕಲ್ಪೆಟ್ಟದ ಜೈನ ಮನೆತನದವರೆಂಬುದೂ ನಮಗೆ ಅಲ್ಲಿಯೇ ತಿಳಿದದ್ದು.

ಇನ್ನು ವ್ಯಾಪಾರದ ಮಾತು. ವಯನಾಡು ಮೆಣಸು, ಕಾಫಿ, ಶುಂಠಿ, ಅಡಿಕೆಯ ನಾಡು. ಕಪ್ಪು ಮೆಣಸು, ಬಿಳಿ ಮೆಣಸು ಎರಡೂ ಒಂದೇ ಬಳ್ಳಿಯವು. ಬಲಿತ ಹಸಿರು ಕಾಯಿಯನ್ನು ಒಣಗಿಸಿದರೆ ಕಪ್ಪು; ಹಣ್ಣಾದ ಮೇಲೆ ನೀರಿನಲ್ಲಿ ನೆನೆಸಿ ಸಿಪ್ಪೆ ತೆಗೆದರೆ ಬಿಳಿ. ಮೂರು ಕಿಲೋ ಹಸಿ ಕಾಯಿಗೆ ಒಂದು ಕಿಲೋದಷ್ಟು ಕಪ್ಪು ಮೆಣಸು ಕೈಗೆ ಬರುತ್ತದೆ. ದರ ಏಕೆ ಹೆಚ್ಚೆಂದು ಕೇಳುವ ಗಿರಾಕಿಗೆ ಇದನ್ನು ಹೇಳಬಹುದು. ಬ್ಯಾಡಗಿಯದಾಗಲಿ ಗುಂಟೂರಿನದಾಗಲಿ, ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ತುಗೀಜರ ಮೂಲಕ ನಮ್ಮಲ್ಲಿಗೆ ಬಂತು. ಅದಕ್ಕೆ ಮೊದಲು ನಮ್ಮ ಹಿರಿಯರ ಅಡಿಗೆಗೆ ಖಾರ ಕೊಡುತ್ತಿದ್ದುದು ಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕನ್ನಡಿಗರು ಕೊಟ್ಟರು. ಗೋಡಂಬಿಯೂ ಬ್ರೆಜಿಲಿನಿಂದ ಬಂದದ್ದೇ.

ಸರಕು ಬಂದಂತೆ ಶಬ್ದಗಳು ಇಲ್ಲಿಂದ ಹೋದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ತಿರ ಬಂದಿಳಿದ ಮೇಲೆ ಪೋರ್ತುಗೀಜರು ಮಲಯಾಳದ ಎಷ್ಟೋ ಹೆಸರುಗಳನ್ನು ಒಯ್ದರು. ತೇಕ್ಕು ಹೋಗಿ ಟೀಕ್ ಆಯಿತು, ಚಕ್ಕ ಹೋಗಿ ಜಾಕ್, ಕೊಪ್ಪರ ಹೋಗಿ ಕೋಪ್ರಾ, ವೆತ್ತಿಲ ಹೋಗಿ ಬೀಟಲ್, ಅಡಕ್ಕ ಹೋಗಿ ಅರೆಕಾ. ಕಲ್ಲಿಕೋಟೆಯ ಹೆಸರಿನಿಂದಲೇ ಕ್ಯಾಲಿಕೋ ಬಟ್ಟೆ. ಹಸಿ ಶುಂಠಿಯನ್ನು ಕಂದಮೂಲವೆಂದು ಬಿಟ್ಟು ಒಣಶುಂಠಿಯನ್ನು ಮಾತ್ರ ಬಳಸುವ ಮನೆಗಳು ನಮ್ಮಲ್ಲಿ ಬಹಳ. ಆ ಶುಂಠಿಯ ಜಿಂಜರ್ ಎಂಬ ಹೆಸರಿನ ಮೂಲ ಸಂಸ್ಕೃತದ ಶೃಂಗವೇರ, ಪಾಳಿಯ ಸಿಂಗಿವೇರ.

ನಮ್ಮನ್ನು ಮನೆಗೆ ಕರೆದು ಫಲಾಹಾರ ಕೊಟ್ಟ ವೃದ್ಧ ಶ್ರಾವಿಕೆಯೊಬ್ಬರಿಗೆ ನಮ್ಮ ಚೀಲದಲ್ಲಿದ್ದ ಮಾಸಪತ್ರಿಕೆಯ ಸಂಚಿಕೆ ಕೊಟ್ಟೆವು. ಅವರು ಪುಟ ತಿರುವಿ, 'ಮೊಮ್ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಅಕ್ಷರ ಬಾರದು. ಶಾಲೆಯಲ್ಲಿ ಮಲಯಾಳ, ಇಂಗ್ಲಿಷು. ನನಗೆ ಕಣ್ಣು ಸಾಲದು. ನೀವೇ ಎರಡು ಪುಟ ಓದಿ ಹೇಳಿ ಅಣ್ಣಾ' ಎಂದರು. ಓದಿದೆವು. ಮಕ್ಕಳೂ ಬಂದು ಕುಳಿತು ಕೇಳಿದರು. ನಮ್ಮ ಮನೆಯಲ್ಲಿ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಅಂಗಡಿಯ ಖಾತೆಯೂ ಈಗ ಮರಾಠಿ, ಇಂಗ್ಲಿಷಿನಲ್ಲಿದೆ. ವಯನಾಡಿನ ಮಾತು ನಮ್ಮ ಮನೆಯ ಮಾತೂ ಹೌದು.

ಟೀಕ್, ಕೋಪ್ರಾ ಎಂಬ ಹೆಸರುಗಳು ಲೋಕದ ಪೇಟೆಯಲ್ಲಿ ನಡೆಯುತ್ತಿವೆ. ಹನ್ನೆರಡು ಬೀದಿ ಎಂಬ ಹೆಸರು ಕೆಲವು ವೃದ್ಧರ ಬಾಯಲ್ಲಿ ಮಾತ್ರ ಉಳಿದಿದೆ. ಆದ್ದರಿಂದ ಸಮಾಜ ಬಾಂಧವರಲ್ಲಿ ವಿನಂತಿ: ಮುಂದಿನ ರಜೆಯಲ್ಲಿ ಮಕ್ಕಳನ್ನು ವಯನಾಡಿಗೆ ಕರೆದುಕೊಂಡು ಹೋಗಿರಿ. ಹೋಗುವಾಗ ನಾಲ್ಕು ಕನ್ನಡ ಪುಸ್ತಕಗಳನ್ನು ಒಯ್ದು ಅಲ್ಲಿಯ ಮನೆಗಳಿಗೆ ಕೊಡಿರಿ. ನಿಮ್ಮ ಊರಿನ ಓಣಿ, ಬಾವಿ, ಬಸದಿಗಳ ಹಳೆಯ ಹೆಸರುಗಳನ್ನು ಹಿರಿಯರಿಂದ ಕೇಳಿ, ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಇಡಿರಿ. ಜೈ ಜಿನೇಂದ್ರ.